ಕಣ್ಣು ತೊಳೆದ ಬೇಸಿಗೆ

ಹೋದ ತಿಂಗಳು ಶಿರಸಿಯಲ್ಲಿ ಮೆಹರುನ್ ಖಾಲಾ ತೀರಿಕೊಂಡರು. ಬೆಳಿಗ್ಗೆ ಅವರ ಮಗಳ ಫೋನು ಬಂತು. ಅಂಗನವಾಡಿಯ ಕೀಲಿಯನ್ನು ಸಹಾಯಕಿಯ ಕೈಗೆ ಕೊಟ್ಟು, ಯಲ್ಲಾಪುರದಿಂದ ಸಿಕ್ಕ ಮೊದಲ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮಗಳ ಮನೆಯ ಹಿತ್ತಲಲ್ಲಿ ಆಗಲೇ ಮೂರು ಕಲ್ಲು ಹೂಡಿ ಹಂಡೆಯಲ್ಲಿ ನೀರಿಟ್ಟಿದ್ದರು. ಯಾರೋ ಬೋರೆ ಎಲೆ ತಂದು ಸುರಿದರು. ಸತ್ತವರಿಗೆ ಕೊನೆಯ ಸ್ನಾನ ಮಾಡಿಸುವ ನೀರಿಗೆ ಬೋರೆ ಎಲೆ ಹಾಕಿ ಕುದಿಸುವುದು ನಮ್ಮಲ್ಲಿಯ ಪದ್ಧತಿ. ನೀರು ಮರಳಿ ಆ ಹಸಿ ಒಗರಿನ ವಾಸನೆ ಎದ್ದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಆ ವಾಸನೆ ನನಗೇನು ಹೊಸದೇ? ಖಾಲಾರ ಕೈಕೆಳಗೆ ಏಳು ವರ್ಷ ಅದೇ ಕೆಲಸ ಮಾಡಿದವಳು ನಾನು. ಎಷ್ಟು ಹೆಂಗಸರ ತಲೆಗೆ ನೀರು ಹಾಕಿದ್ದೇನೋ, ಎಷ್ಟು ಜನರ ಕೂದಲು ಹೆಣೆದಿದ್ದೇನೋ ನೆನಪಿಲ್ಲ. ಆದರೆ ಹಂಡೆಯ ಮುಂದೆ ನಿಂತಾಗ ನೆನಪಾದದ್ದು ಅವರಲ್ಲಿ ಒಬ್ಬಳೇ. ಮೂರು ವರ್ಷದ ಹಿಂದಿನ ಬೇಸಿಗೆ. ಅವಳ ಹೆಸರು ತಸ್ಲೀಮ್. ವಯಸ್ಸು ಇಪ್ಪತ್ನಾಲ್ಕು.

ಯಲ್ಲಾಪುರದಲ್ಲಿ ನಮ್ಮವರ ಯಾವ ಮನೆಯಲ್ಲಿ ಹೆಂಗಸು ಸತ್ತರೂ ಮೊದಲ ಕರೆ ಹೋಗುತ್ತಿದ್ದುದು ಮೆಹರುನ್ ಖಾಲಾರಿಗೆ. ಊರಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಹೆಂಗಸಿನ ಮೈಯನ್ನು ಹೆಂಗಸರೇ ತೊಳೆಯಬೇಕು. ಮನೆಯವರಿಗೆ ಅಳುವುದೇ ಆಗಿರುತ್ತದೆ, ಕೈ ಓಡುವುದಿಲ್ಲ. ಖಾಲಾ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಕರೆ ಬಂತೆಂದರೆ ಗಿರಣಿಯ ಬೆಲ್ಟು ಬಿಚ್ಚಿ, ಸೆರಗಿನ ಹಿಟ್ಟು ಕೊಡವಿ, ನಮ್ಮನ್ನು ಕರೆಯಲು ತಾವೇ ಮನೆಮನೆಗೆ ಬರುತ್ತಿದ್ದರು. ನಾವೆಂದರೆ ನಾನು, ದರ್ಜಿ ಕೆಲಸದ ಜುಬೇದಾ, ಬೇಕಾದಾಗ ಇನ್ನೊಬ್ಬಿಬ್ಬರು. ಯಾರಿಗೂ ಕೂಲಿ ಇಲ್ಲ, ಸನ್ಮಾನ ಇಲ್ಲ. ಅಲ್ಲಾಹನ ಹೆಸರಿನಲ್ಲಿ ಮಾಡುವ ಕೆಲಸ.

ಮನೆಯೊಳಗೆ ನಾವು ಉರ್ದು ಆಡುವವರು. ಖಾಲಾ ಹುಟ್ಟಿ ಬೆಳೆದದ್ದು ಕಿರವತ್ತಿಯಲ್ಲಿ. ಸಿಟ್ಟಾಗಲಿ ಅಕ್ಕರೆಯಾಗಲಿ, ಅವರ ಬಾಯಲ್ಲಿ ಬರುತ್ತಿದ್ದುದು ಆ ಕಡೆಯ ಕನ್ನಡವೇ. ನಾನು ಮೊದಲ ಸಲ ಹೋದದ್ದು ವರ್ಷಗಟ್ಟಲೆ ಹಾಸಿಗೆ ಹಿಡಿದು ಸತ್ತಿದ್ದ ಒಬ್ಬ ಮುದುಕಿಯ ಮನೆಗೆ. ಬೆನ್ನಿನ ಹುಣ್ಣು ನೋಡಲಾಗಲಿಲ್ಲ. ಯಾರಿಗೂ ಹೇಳದೆ ಕೇಳದೆ ಅಲ್ಲಿಂದ ಎದ್ದು ಮನೆಗೆ ಓಡಿದೆ. ಇನ್ನು ಈ ಮುಖ ಅವರಿಗೆ ಹೇಗೆ ತೋರಿಸಲಿ ಎಂದು ಕೂತಿದ್ದರೆ, ಮರುದಿನ ಖಾಲಾ ತಾವೇ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದರು.

"ಓಡಿ ಹೋದೆಲ್ಲವಾ, ಸಾಬೂನು ಕೈಯಾಗ ಹಿಡಕೊಂಡೇ ಓಡಿದಿ" ಎಂದು ನಕ್ಕರು. "ಆ ಹೊತ್ತಿನ್ಯಾಗೂ ಕೈ ಬಿಡಲಿಲ್ಲ ನೀ. ಕಲೀತಿ ತಗೋ. ಮೊದ್ಲ ಊಟ ಮಾಡು."

ಅವರ ಕಲಿಸುವ ರೀತಿಯೇ ಹಾಗೆ. ಬೈದದ್ದು ನಾನು ಕಂಡಿಲ್ಲ. ನೀರಿನ ಬಿಸಿ ನೋಡಲು ಮೊದಲ ತಂಬಿಗೆಯನ್ನು ನಮ್ಮ ಮುಂಗೈ ಮೇಲೆ ನಾವೇ ಹಾಕಿಕೊಳ್ಳಬೇಕು. ನಮಗೆ ತಡೆಯದ ನೀರು ಆಕೆಗೆ ಯಾಕೆ? ಮೈ ಹೊರಳಿಸುವ ಮೊದಲು ಸತ್ತವರಿಗೆ ಹೇಳಬೇಕು. "ಯವ್ವಾ, ಈಗ ಎಡಕ್ಕ ಹೊರಳಸ್ತೀವಿ, ಬ್ಯಾಸರಾ ಮಾಡ್ಕೋಬ್ಯಾಡ" ಎಂದು ಅವರು ಹೇಳುವಾಗ ಆ ಹೆಂಗಸು ಹೂಂ ಅಂದೇಬಿಟ್ಟಳೇನೋ ಎಂದು ನಾನು ಎಷ್ಟೋ ಸಲ ಮುಖ ನೋಡಿದ್ದಿದೆ. ಕೆಲಸ ಮುಗಿದ ಮೇಲೆ ನಮ್ಮನ್ನು ಗಿರಣಿಯ ಹಿಂದಿನ ತಮ್ಮ ಮನೆಗೆ ಕರೆದೊಯ್ದು, ಬಿಸಿನೀರು ಕೊಟ್ಟು, ತಲೆಗೆ ಎಣ್ಣೆ ತಟ್ಟುತ್ತಿದ್ದರು. ತವರಿನಲ್ಲೂ ನನಗೆ ಅಂಥ ಉಪಚಾರ ಸಿಕ್ಕಿರಲಿಲ್ಲ.

ಒಂದೇ ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ಸತ್ತವರ ಮೈಮೇಲೆ ಕಂಡದ್ದು ಹೊರಗೆ ಬರಕೂಡದು. ಗಾಯವಿರಲಿ, ಮಚ್ಚೆಯಿರಲಿ, ರೋಗವಿರಲಿ, ಗಂಡನಿಗೂ ಹೇಳುವಂತಿಲ್ಲ. ನಮ್ಮ ಧರ್ಮದಲ್ಲೂ ಅದೇ ಇದೆ, ಸತ್ತವರ ಐಬು ಮುಚ್ಚಬೇಕು. ಆದರೆ ಖಾಲಾರಿಗೆ ಅದು ಸ್ವಂತದ ನೋವೂ ಆಗಿತ್ತು. ಅವರ ಗಂಡ ಘಟ್ಟದಲ್ಲಿ ಲಾರಿ ಉರುಳಿ ಸತ್ತವರು. ಆ ಮೈಯನ್ನು ತೊಳೆದ ಗಂಡಸರಲ್ಲೊಬ್ಬ ಚಹಾ ಅಂಗಡಿಯಲ್ಲಿ ಕೂತು, ಮೈ ಯಾವ ಸ್ಥಿತಿಯಲ್ಲಿತ್ತು ಎಂದು ವರ್ಣಿಸಿದನಂತೆ. ಮೂರನೆಯ ದಿನ ಅದು ಬೀದಿ ಸುತ್ತಿ ಖಾಲಾರ ಕಿವಿಗೇ ಬಿತ್ತು. ಹಾಗಾಗಿ ನಾವು ಸಾವಿನ ಮನೆಯಿಂದ ಹೊರಡುವಾಗ ಹೊಸ್ತಿಲ ಬಳಿ ನಿಲ್ಲಿಸಿ ನಮ್ಮ ಬೊಗಸೆಗೆ ನೀರು ಹೊಯ್ಯುತ್ತಿದ್ದರು. "ಕೈ ತೊಳ್ಕೋರಿ, ಕಣ್ಣೂ ತೊಳ್ಕೋರಿ. ಕಣ್ಣಾಗಿಂದು ಇಲ್ಲೇ ಬಿಟ್ಟು ಬರ್ರಿ." ಇದು ಯಾವ ಕಿತಾಬಿನಲ್ಲೂ ಇಲ್ಲ, ಅವರೇ ಮಾಡಿಕೊಂಡದ್ದು. ನಾವು ಕಣ್ಣು ತೊಳೆಯುತ್ತಿದ್ದೆವು. ಆಮೇಲೆ ಆ ಮಾತೇ ಇಲ್ಲ.

ಆ ವರ್ಷ ಬೇಸಿಗೆ ಬೇಗ ಬಂತು. ಶಿವರಾತ್ರಿ ಕಳೆಯುವುದರೊಳಗೆ ನಮ್ಮ ಕೇರಿಯ ಬಾವಿಗಳ ತಳ ಕಂಡಿತ್ತು. ಟ್ಯಾಂಕರು ವಾರಕ್ಕೆ ಎರಡು ಸಲ. ಅದು ಬಂದಾಗ ಕೊಡಗಳ ಜಗಳ. ಎಲ್ಲೋ ಕಾಡಿಗೆ ಬಿದ್ದ ಬೆಂಕಿಯ ಹೊಗೆ ಮಧ್ಯಾಹ್ನವಾದರೆ ಊರಿನ ಮೇಲೆ ಇಳಿಯುತ್ತಿತ್ತು. ಹೆದ್ದಾರಿಯ ಲಾರಿಗಳ ಧೂಳು ಬೇರೆ. ಅದರ ಮೇಲೆ ರಂಜಾನ್ ಬಂತು, ಹಗಲೆಲ್ಲ ಗುಟುಕು ನೀರಿಲ್ಲದ ಉಪವಾಸ. ಖಾಲಾ ಗಿರಣಿಯ ಮಗ್ಗುಲಲ್ಲಿ ಎರಡು ಡ್ರಮ್ಮು ನೀರು ತುಂಬಿಸಿ ಮುಚ್ಚಿಟ್ಟಿದ್ದರು. ಅದು ಸತ್ತವರ ನೀರು. ತಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ನೀರಿಲ್ಲದಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ.

ಹದಿನಾರನೆಯ ಉಪವಾಸದ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಖಾಲಾ ಅಂಗನವಾಡಿಗೇ ಬಂದರು. ಹೆದ್ದಾರಿಯ ಪಕ್ಕ ಲಾರಿಗಳನ್ನೂ ಗ್ಯಾರೇಜನ್ನೂ ಇಟ್ಟವರ ಮನೆ. ಅವರ ಸೊಸೆ ತಸ್ಲೀಮ್ ಸತ್ತಿದ್ದಳು. ಕಿರವತ್ತಿಯ ಹುಡುಗಿ, ಮದುವೆಯಾಗಿ ಮೂರು ವರ್ಷ, ಒಂದೂವರೆ ವರ್ಷದ ಹೆಣ್ಣುಮಗು. ಗಂಡನ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಕೇಸು ಇನ್ನೂ ನಡೆಯುತ್ತಿದೆ. ಅವನು ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮೂರ್ಛೆರೋಗ ಬಂದು ಬಚ್ಚಲಲ್ಲಿ ಬಿದ್ದಳು ಎಂದರು ಅತ್ತೆ. ಡಾಕ್ಟರು ಬಂದಿದ್ದರೋ ಇಲ್ಲವೋ ನಾವು ಕೇಳಲಿಲ್ಲ. ಅದನ್ನು ಕೇಳುವುದು ನಮ್ಮ ಕೆಲಸ ಎಂದು ನಮಗೆ ಯಾವತ್ತೂ ಅನಿಸಿರಲಿಲ್ಲ. ಮಧ್ಯಾಹ್ನದ ನಮಾಜಿಗೆ ಮೊದಲು ಎಲ್ಲ ಮುಗಿಯಬೇಕು ಎಂದು ಅವಸರ ಮಾಡಿದರು.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೂವರೇ ಇದ್ದೆವು. ಖಾಲಾ ದುಪಟ್ಟಾ ಸರಿಸಿದರು. ಕುತ್ತಿಗೆಯಲ್ಲಿ ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯವರೆಗೆ ನೀಲಿ ಗೆರೆ. ಅಂಗಿ ಬಿಚ್ಚಿದಾಗ ಎರಡೂ ತೋಳುಗಳ ಮೇಲೆ ಬೆರಳಿನ ಗುರುತು; ಒಂದು ಮಗ್ಗುಲಿಗೆ ನಾಲ್ಕು, ಇನ್ನೊಂದು ಮಗ್ಗುಲಿಗೆ ಹೆಬ್ಬೆರಳು. ಯಾರೋ ಬಲವಾಗಿ ಅದುಮಿ ಹಿಡಿದ ಕೈ ಅದು, ಅದಕ್ಕೆ ಓದು ಬರಹ ಬೇಕಾಗಿಲ್ಲ.

"ಯಾ ಅಲ್ಲಾ, ಎಂತದು ಖಾಲಾ ಇದು?" ಎಂದಳು ಜುಬೇದಾ.

ಖಾಲಾ ಅವಳ ಮುಖ ನೋಡಲಿಲ್ಲ. "ಜುಬೇದಾ, ನೀರು" ಎಂದರು, ಮೆಲ್ಲಗೆ.

ನೀರು ಹಾಕಿದೆವು. ನಾನೇ ತೋಳು ತೊಳೆದೆ. ತಿಕ್ಕಿದರೆ ಹೋಗುತ್ತದೇನೋ ಎನ್ನುವ ಹಾಗೆ ತೊಳೆದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಖಾಲಾ ಹುಡುಗಿಯ ಕಿವಿಯ ಹತ್ತಿರ ಬಾಗಿ, "ಯಾಕ ಹಂಗ ಮಾಡ್ಕೊಂಡೆವ್ವಾ, ಒಂದು ಮಾತು ಯಾರಿಗರ ಹೇಳಬಾರದಿತ್ತೇನು" ಎಂದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಆಗ ತಿಳಿಯಿತು. ಅವಳು ನೇಣು ಹಾಕಿಕೊಂಡಿದ್ದಾಳೆ ಎಂದುಕೊಂಡಿದ್ದರು. ನಾನು ಕೂದಲು ಹೆಣೆದೆ. ಕರ್ಪೂರ ಹಚ್ಚಿ, ಕಫನ್ನಿನ ಬಿಳಿ ಬಟ್ಟೆ ಸುತ್ತುವಾಗ ಖಾಲಾ ತಲೆಯ ಬಟ್ಟೆಯನ್ನು ಗಲ್ಲದ ತನಕ ಎಳೆದು ಎರಡು ಸುತ್ತು ಬಿಗಿದರು. ಕುತ್ತಿಗೆ ಎಳ್ಳಷ್ಟೂ ಕಾಣುತ್ತಿರಲಿಲ್ಲ.

ಕೊನೆಗೆ ಮುಖ ನೋಡಲು ಹೆಂಗಸರನ್ನು ಒಳಗೆ ಬಿಟ್ಟೆವು. ತಾಯಿ ಹಸೀನಾಬಿ ಕಿರವತ್ತಿಯಿಂದ ಆಗಷ್ಟೇ ಬಂದು ಮುಟ್ಟಿದ್ದಳು. ಧಾಬಾದಲ್ಲಿ ರೊಟ್ಟಿ ಬಡಿಯುವ ಹೆಂಗಸು, ಕೈಯಲ್ಲಿ ಇನ್ನೂ ಹಿಟ್ಟಿತ್ತು. ಜೊತೆಗೆ ಚಿಕ್ಕ ಮಗಳು ಶಾಹೀನ್, ಹತ್ತೊಂಬತ್ತರ ಹುಡುಗಿ. ಹಸೀನಾಬಿ ಮಗಳ ಕೆನ್ನೆ ಸವರಿದಳು. ಆಮೇಲೆ ಮಗುವಿನ ಕುತ್ತಿಗೆಯ ಬೆವರು ಒರೆಸುವವಳ ಹಾಗೆ ಬಟ್ಟೆಯ ಕೆಳಗೆ ಬೆರಳು ತೂರಿಸಲು ಹೋದಳು. ಖಾಲಾ ಅವಳ ಕೈ ಹಿಡಿದುಕೊಂಡರು. "ಬ್ಯಾಡವ್ವಾ, ಕಫನ್ ಸಡ್ಲ ಆಕ್ಕತಿ. ಮುಖಾ ನೋಡು, ಸಾಕು" ಎಂದು ಆ ಕೈಯನ್ನು ತಮ್ಮ ಎದೆಗೆ ಒತ್ತಿಕೊಂಡರು. ತಾಯಿ ಅವರ ಹೆಗಲ ಮೇಲೆ ಬಿದ್ದು ಅತ್ತಳು. ಗಂಡಸರು ಹೊತ್ತುಕೊಂಡು ಹೋದರು.

ಹೊಸ್ತಿಲಲ್ಲಿ ಬೊಗಸೆಗೆ ನೀರು ಬಿತ್ತು. ನಾನು ಕಣ್ಣು ತೊಳೆದೆ. ಜುಬೇದಾ ತೊಳೆಯಲಿಲ್ಲ, ಬೊಗಸೆ ಬಿಡಿಸಿ ನೀರನ್ನು ನೆಲಕ್ಕೆ ಚೆಲ್ಲಿದಳು. ಖಾಲಾರ ಮನೆಗೆ ಬಂದ ಮೇಲೆ ಬಾಯಿಬಿಟ್ಟೇಬಿಟ್ಟಳು.

"ಕುತ್ತಿಗೆದು ಹಾಗೆ ಅಂತ ಇಟ್ಕೊಳ್ಳುವ ಖಾಲಾ. ತೋಳಿನ ಮೇಲೆ ಅದೆಂತದು? ಅವಳೇ ಹಿಡ್ಕೊಂಡಳಾ?"

"ಜುಬೇದಾ, ತಾಯಿ, ಇಲ್ಲಿ ಕೇಳು" ಎಂದರು ಖಾಲಾ. "ತನ್ನ ಜೀವಾ ತಾನ ತಗೊಂಡ್ಲು ಅಂತ ಊರಾಗ ಗೊತ್ತಾದ್ರ ಆಕಿ ಸಾವಿನ ನಮಾಜಿಗೆ ನಿಲ್ಲಾಕ ಜನಾ ಹಿಂದ ಮುಂದ ನೋಡ್ತಾರ. ಆ ತಾಯಿ ಸಾಯೂತನಕ ತಲಿ ಎತ್ತೂ ಹಂಗಿಲ್ಲ. ಗಂಡಾ ಹೆಂಡ್ತಿ ಜಗಳಾ ಇತ್ತೋ ಏನೋ, ನಮಗೇನ ಗೊತ್ತು? ಆಕಿ ಮರ್ಯಾದಿ ನಮ್ಮ ಕೈಯಾಗ ಕೊಟ್ಟು ಹೋಗ್ಯಾಳ."

ಜುಬೇದಾ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಎದ್ದು ಹೋದವಳು ಮತ್ತೆ ಬರಲೇ ಇಲ್ಲ. ಹಬ್ಬ ಮುಗಿಸಿ ಗೋವಾದಲ್ಲಿದ್ದ ಗಂಡನ ಹತ್ತಿರ ಹೋದಳು ಎಂದು ಆಮೇಲೆ ಗೊತ್ತಾಯಿತು. ನಾನು ಮಾತ್ರ ಖಾಲಾರ ಮುಂದೆ ತಲೆಬಗ್ಗಿಸಿ ಕೂತು ಎಣ್ಣೆ ಹಚ್ಚಿಸಿಕೊಂಡೆ. ಎಷ್ಟಾದರೂ ನಾನು ಮಾತು ಕೇಳುವವಳು, ಜುಬೇದಾಳ ಹಾಗೆ ಬಾಯಿಬಡುಕಿಯಲ್ಲ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು. ಥೂ ನನ್ನ ಹೆಮ್ಮೆಗೆ.

ಹಬ್ಬ ಕಳೆದು ಹತ್ತು ಹದಿನೈದು ದಿನವಾಗಿರಬೇಕು. ತಸ್ಲೀಮಳ ಅತ್ತೆ ಮಗುವಿನ ತೂಕ ಮಾಡಿಸಲು ಅಂಗನವಾಡಿಗೆ ಬಂದರು. ಮಗು ಸೊರಗಿತ್ತು. ನಾನು ಅದನ್ನೇ ಹೇಳಿದೆ.

"ಇನ್ನೆಷ್ಟು ದಿನ ಟೀಚರ್, ಅಮ್ಮ ಬರ್ತಾಳಲ್ಲ" ಎಂದರು ಅವರು. "ನಲವತ್ತನೇ ದಿನದ ಫಾತಿಹಾ ಆದ ಕೂಡಲೇ ನಿಕಾಹ್ ಇಟ್ಕೊಂಡಿದ್ದೇವೆ. ತಸ್ಲೀಮಳ ತಂಗಿ ಶಾಹೀನನ್ನೇ ತರೋದು. ಕೂಸಿಗೆ ಚಿಕ್ಕಮ್ಮನಿಗಿಂತ ಯಾರು ಬೇಕು? ಹಸೀನಾಬೀನೂ ಹೂಂ ಅಂದಿದ್ದಾಳೆ."

ತಕ್ಕಡಿಯ ಜೋಳಿಗೆಯಿಂದ ಮಗುವನ್ನು ಎತ್ತಿದವಳು ತೂಕ ಬರೆಯುವುದನ್ನೇ ಮರೆತೆ. ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸತಲ್ಲ. ತಾಯಿಯಿಲ್ಲದ ಕೂಸಿನ ಮುಖ ನೋಡಿ ಯಾರೂ ಬೇಡ ಎನ್ನುವುದಿಲ್ಲ. ಆದರೆ ಆ ತೋಳು ನೋಡಿದವಳು ನಾನು. ಅದೇ ಮನೆಗೆ, ಅದೇ ಕೈಗೆ ಇನ್ನೊಂದು ಹುಡುಗಿ ಹೊರಟಿದ್ದಳು. ಉಳಿದದ್ದು ಹೆಚ್ಚೆಂದರೆ ಎರಡು ವಾರ.

ಬಾಗಿಲು ಹಾಕಿ ಸೀದಾ ಗಿರಣಿಗೆ ಹೋದೆ. ಖಾಲಾ ಯಾರದೋ ಜೋಳ ಬೀಸುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಹೇಳಬೇಕಾಯಿತು, ಅಂಥ ಮಾತನ್ನು. ಅವರು ಮೋಟಾರು ಬಂದ್ ಮಾಡಿದರು.

"ನಾವು ಹೇಳೋಣ ಖಾಲಾ, ಅವಳ ತಾಯಿಗಾದರೂ ಹೇಳೋಣ" ಎಂದೆ.

"ಏನಂತ ಹೇಳ್ತಿ? ನಾ ನಿಮ್ಮೆಲ್ಲಾರ ಕೈಲೆ ಕಣ್ಣು ತೊಳಸೀನಿ ನಸೀಮಾ. ಇವತ್ತ ಒಂದು ಮಾತು ಹೊರಗ ಬಿದ್ರ, ನಾಳೆ ಯಾವ ಮನಿಯವರು ನಮ್ಮನ್ನ ಒಳಗ ಬಿಡ್ತಾರ? ಹೆಣಾ ಹಂಗ ಕೊಳೀಬೇಕೇನು?" ಅವರ ದನಿ ಏರಿತ್ತು. ಏಳು ವರ್ಷದಲ್ಲಿ ಮೊದಲ ಸಲ. "ನಡಿ, ಮನಿಗೆ ನಡಿ."

ನಾನು ಅಳುತ್ತ ಬಂದೆ. ಎರಡು ದಿನ ಗಿರಣಿ ತೆರೆಯಲಿಲ್ಲ ಎಂದು ಜನ ಹೇಳಿದರು. ಮೂರನೆಯ ದಿನ ಮಧ್ಯಾಹ್ನ, ಸುಡುವ ಬಿಸಿಲಲ್ಲಿ ಖಾಲಾ ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮುಖ ಇಳಿದು ಹೋಗಿತ್ತು.

"ಮುಚ್ಚಬೇಕಾದ್ದು ಸತ್ತವರ ಐಬು" ಎಂದರು. "ತೋಳಿನ ಮ್ಯಾಲಿನ ಬೆರಳು ಆಕಿ ಐಬೇನು? ನಾ ಮುಚ್ಚಿದ್ದು ಯಾರದು ನಸೀಮಾ? ಜುಬೇದಾ ಅವತ್ತ ಕೇಳಿದ್ಲು. ಆ ಹುಡುಗಿಗೆ ಇದ್ದ ಬುದ್ಧಿ ನನಗ ಇರಲಿಲ್ಲ. ನಿಮಗ ತಪ್ಪು ಕಲಿಸಿದ್ನೆವ್ವಾ ನಾನು."

ಅಷ್ಟು ದೊಡ್ಡವರು ಬಾಗಿಲಲ್ಲಿ ನಿಂತು ನನ್ನ ಎದುರು ಕೈಮುಗಿದರು. ಅವರ ಕೈ ಹಿಡಿದುಕೊಂಡೆ. ಮರುದಿನ ಹುಬ್ಬಳ್ಳಿ ಬಸ್ಸಿಗೆ ಇಬ್ಬರೂ ಕಿರವತ್ತಿಗೆ ಹೋದೆವು. ದಾರಿಯುದ್ದಕ್ಕೂ ಖಾಲಾ ಕಿಟಕಿಯ ಹೊರಗೆ ನೋಡುತ್ತ ತಸ್‌ಬೀಹ್‌ನ ಮಣಿ ಎಣಿಸಿದರು. ಒಣಗಿ ನಿಂತ ತೇಗದ ಕಾಡು, ಉದುರಿದ ಎಲೆ, ಅಲ್ಲಲ್ಲಿ ಸುಟ್ಟ ಕಪ್ಪು ನೆಲ. ಇಳಿಯುವಾಗ ಒಂದೇ ಮಾತು ಹೇಳಿದರು: "ನೀ ಸುಮ್ಮನಿರು. ಹೇಳಾಕಿ ನಾನು."

ಹಸೀನಾಬಿಯ ಮನೆ ಧಾಬಾದ ಹಿಂದಿನ ಸಾಲಿನಲ್ಲಿ, ತಗಡಿನ ಎರಡು ಕೋಣೆ. ಕಾದ ತಗಡಿನ ಕೆಳಗೆ ಕೂತು ಶಾಹೀನ್ ಹಸಿರು ಬಟ್ಟೆಗೆ ಜರಿಯ ಅಂಚು ಹೊಲಿಯುತ್ತಿದ್ದಳು, ತನ್ನದೇ ನಿಕಾಹಿನದು. ಹಸೀನಾಬಿ ಖಾಲಾರನ್ನು ನೋಡಿದ್ದೇ ಓಡಿಬಂದು ಅಪ್ಪಿಕೊಂಡಳು. ಮಗಳನ್ನು ಕೊನೆಯ ಸಲ ಮುಟ್ಟಿದ ಕೈಗಳಲ್ಲವೇ. ನೀರು ಕೊಟ್ಟಳು. ಖಾಲಾ ಲೋಟ ಕೆಳಗಿಟ್ಟು, ಹಿಂದೆ ಮುಂದೆ ಮಾಡದೆ ಹೇಳಿದರು. ಕುತ್ತಿಗೆಯ ಗೆರೆ, ತೋಳಿನ ಗುರುತು. ತಾವೇ ಬಟ್ಟೆ ಎಳೆದು ಮುಚ್ಚಿದ್ದು.

ಶಾಹೀನ್ ಹೊಲಿಗೆ ಪಕ್ಕಕ್ಕಿಟ್ಟು ಎದ್ದು ಬಂದು ಖಾಲಾರ ಮುಂದೆ ಮಂಡಿಯೂರಿದಳು. ದುಪಟ್ಟಾ ತೆಗೆದಳು. ತೋಳು ಮೇಲೆ ಸರಿಸಿದಳು.

"ಎಲ್ಲಿತ್ತು? ನನ್ನ ಮೈಮ್ಯಾಲ ತೋರಸ್ರಿ" ಎಂದಳು.

ಖಾಲಾ ತೋರುಬೆರಳಿನಿಂದ ಆ ಹುಡುಗಿಯ ಕಿವಿಯ ಬುಡದಿಂದ ಗಂಟಲ ಮೇಲೆ ಗೆರೆ ಎಳೆದರು. ಆಮೇಲೆ ತೋಳು ಹಿಡಿದರು, ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಮುದುಕಿಯ ಕೈ, ಬಲವೇ ಇಲ್ಲ. ಆದರೂ ಹುಡುಗಿಯ ಮೈ ಜುಮ್ಮೆಂದದ್ದು ನನಗೆ ಕಂಡಿತು.

ಆಗ ಹಸೀನಾಬಿ ಕೂಗಿದಳು. ಮಗಳು ಸತ್ತ ದಿನವೂ ಅವಳು ಹಾಗೆ ಕೂಗಿರಲಿಲ್ಲ. "ನನ್ನ ಕೈ ಹಿಡದಿ ನೀ! ನಾ ನೋಡಾಕ ಹೋಗಿದ್ದೆ, ನನ್ನ ಮಗಳ ಕೊಳ್ಳು ನೋಡಾಕ ಹೋಗಿದ್ದೆ. ನೀ ಕೈ ಹಿಡದಿ!" ಎಂದು ಖಾಲಾರ ಭುಜಕ್ಕೆ, ಎದೆಗೆ ಹೊಡೆದಳು. ನಾನು ಬಿಡಿಸಲು ಹೋದರೆ ಖಾಲಾ ಬೇಡವೆಂದು ಕೈಸನ್ನೆ ಮಾಡಿದರು. ಅವಳು ಸುಸ್ತಾಗುವ ತನಕ ಹೊಡೆಸಿಕೊಂಡರು.

ಶಾಹೀನಳ ಮದುವೆ ನಿಂತಿತು. ಅದೊಂದು ಆಯಿತು ನೋಡಿ, ಇವತ್ತಿಗೂ ನಾನು ಉಸಿರಾಡುವುದು ಅದೊಂದನ್ನು ಹಿಡಿದುಕೊಂಡು. ತಾಯಿ ಮಗಳು ಪೊಲೀಸರಿಗೆ ದೂರು ಕೊಟ್ಟರು. ಅಧಿಕಾರಿಗಳು ಬಂದು ಕಬರಸ್ತಾನದಲ್ಲಿ ಪರದೆ ಕಟ್ಟಿಸಿ ಮೈಯನ್ನು ಹೊರಗೆ ತೆಗೆಸಿದರು. ಆ ದಿನವೇ ವರ್ಷದ ಮೊದಲ ಮಳೆ ಬಿತ್ತು. ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಖಾಲಾ ಗೋಡೆಯ ಹೊರಗೆ ರಸ್ತೆಯಲ್ಲಿ ನೆನೆಯುತ್ತ ನಿಂತಿದ್ದರು, ಪಕ್ಕದಲ್ಲಿ ನಾನು. ನಾವೇ ಸುತ್ತಿದ ಕಫನನ್ನು ಯಾರೋ ಗಂಡಸರು ಬಿಚ್ಚುತ್ತಿದ್ದಾರೆ ಎಂಬುದಕ್ಕೆ ಅವರು ಬಿಕ್ಕಿ ಬಿಕ್ಕಿ ಅತ್ತರು. ನಲವತ್ತು ದಿನ ಮಣ್ಣಿನಲ್ಲಿದ್ದ ಮೈ. ಏನು ಉಳಿದಿತ್ತೋ, ಏನು ಬರೆದರೋ.

ಆಮೇಲೆ ಹೇಳಿಕೆ ಕೊಡುವ ದಿನ. ಠಾಣೆಯ ಮೆಟ್ಟಿಲ ಹತ್ತಿರ ಖಾಲಾ ನನ್ನನ್ನು ನಿಲ್ಲಿಸಿದರು.

"ನಿನ್ನ ಗಂಡ ಓಡಸೂದು ಆ ಗ್ಯಾರೇಜಿನವರ ಲಾರಿ. ನಿಂದು ಸರ್ಕಾರಿ ಕೆಲಸ, ಎರಡು ಮಕ್ಕಳು. ಮೈ ನೋಡಿದಾಕಿ ನಾನೊಬ್ಬಾಕಿ, ನೀ ಬಾಗಲದಾಗ ನಿಂತು ನೀರು ಕೊಟ್ಟಿ, ಅಷ್ಟ. ತಿಳೀತಿಲ್ಲೋ?"

"ಸುಳ್ಳಾಗ್ತದಲ್ಲ ಖಾಲಾ" ಎಂದೆ.

"ಕರ್ಕೊಂಡು ಹೋದಾಕಿ ನಾನು, ಬಾಯಿ ಮುಚ್ಚಿಸಿದಾಕಿ ನಾನು. ಅಲ್ಲಾಹನ ಮುಂದ ಜವಾಬು ಕೊಡಾಕಿನೂ ನಾನು. ನಿಮ್ಮನ್ನ ಇದರಾಗ ಎಳಿಯಂಗಿಲ್ಲ."

ಇಲ್ಲ, ನಾನೂ ಹೇಳುತ್ತೇನೆ ಎನ್ನಬೇಕಿತ್ತು. ನನ್ನೊಳಗೆ ಆ ಕ್ಷಣ ಆದದ್ದೇನು ಎಂದು ಮುಚ್ಚಿಡದೆ ಬರೆಯುತ್ತೇನೆ: ನಿರಾಳವಾಯಿತು. ಹೆಗಲ ಮೇಲಿನ ಮೂಟೆ ಇಳಿಸಿದಷ್ಟು ನಿರಾಳ. ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಖಾಲಾ ಒಬ್ಬರೇ ಹೇಳುವುದು ಕೇಳಿಸುತ್ತಿತ್ತು. ನನ್ನನ್ನೂ ಕರೆದು ಕೇಳಿದರು. ನೀರು ಕೊಟ್ಟೆ ಎಂದೆ.

ಅದಾದ ಮೇಲೆ ಊರಿನವರು ಖಾಲಾರನ್ನು ಬಿಟ್ಟರು. ಆ ಗ್ಯಾರೇಜಿನವರ ಕಡೆಯವರಷ್ಟೇ ಅಲ್ಲ, ಅವರು ಮಾಡಿದ್ದು ಸರಿ ಎಂದು ಪಿಸುಗುಟ್ಟಿದವರೂ ಬಿಟ್ಟರು. ಇಂದು ಅವಳ ಮೈಯ ಸುದ್ದಿ ಹೇಳಿದವಳು ನಾಳೆ ನಮ್ಮ ತಾಯಿಯದನ್ನು ಹೇಳಳೇ? ಮಳೆಗಾಲದಲ್ಲಿ ನಮ್ಮ ಬೀದಿಯ ಮುದುಕಿಯೊಬ್ಬಳು ಸತ್ತಾಗ ಮುಂಡಗೋಡಿನಿಂದ ಹೆಂಗಸರನ್ನು ಕರೆಸಿದರು. ಅವರು ಬರುವ ತನಕ ಮೈ ನಾಲ್ಕು ತಾಸು ಕಾದಿತ್ತು. ಖಾಲಾ ಇದ್ದದ್ದು ಅಲ್ಲಿಂದ ನಾಲ್ಕು ಮನೆಯಾಚೆ. ಕೈಕಾಲು ತೊಳೆದು, ಬಿಳಿ ಬಟ್ಟೆ ತೆಗೆದಿಟ್ಟುಕೊಂಡು, ಯಾರಾದರೂ ಕರೆಯಲು ಬರುತ್ತಾರೆಂದು ಗಿರಣಿಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಿದ್ದರು. ನನಗೆ ಅವರ ಪಕ್ಕ ಹೋಗಿ ಕೂರುವ ಧೈರ್ಯವೂ ಆಗಲಿಲ್ಲ. ನನ್ನ ಗಂಡ ಆ ದಾರಿಯಲ್ಲೇ ಲಾರಿ ತರುವವನಿದ್ದ. ಆ ವರ್ಷದ ಕೊನೆಗೆ ಮಗಳು ಬಂದು ಗಿರಣಿ ಮಾರಿಸಿ ಅವರನ್ನು ಶಿರಸಿಗೆ ಕರೆದುಕೊಂಡು ಹೋದಳು.

ಕೇಸು ಎಳೆಯುತ್ತಾ ಹೋಯಿತು. ಜೈಲಿಗೆ ಹೋಗಿದ್ದ ತಸ್ಲೀಮಳ ಗಂಡ ಜಾಮೀನಿನ ಮೇಲೆ ಹೊರಗೆ ಬಂದ. ಮಗು ಬೆಳೆದು ನನ್ನ ಅಂಗನವಾಡಿಗೇ ಬಂತು. ಕೂದಲು ಕೆದರಿಕೊಂಡು ಬಂದ ದಿನ ಅದಕ್ಕೆ ಎರಡು ಜಡೆ ಹಾಕುತ್ತೇನೆ. ಅದರ ತಾಯಿಗೂ ಕೊನೆಯ ಜಡೆ ಹಾಕಿದ ಕೈ ಇದೇ. ಮಗು ತಿರುಗಿ, "ಚಂದ ಆಯ್ತಾ ಟೀಚರ್?" ಎಂದು ಕೇಳುತ್ತದೆ. ಖಾಲಾ ಪ್ರತಿ ಶುಕ್ರವಾರ ಫೋನು ಮಾಡಿ ಮಕ್ಕಳು ಹೇಗಿದ್ದಾರೆ, 'ಊಟಾ ಆತೇನು' ಎಂದು ಕೇಳುತ್ತಿದ್ದರು. ಆ ಬೇಸಿಗೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೋರ್ಟಿನಲ್ಲಿ ಅವರ ಸಾಕ್ಷಿ ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಹೋಗಿಬಿಟ್ಟರು.

ಶಿರಸಿಯಲ್ಲಿ ಅವರನ್ನು ತೊಳೆದದ್ದು ಅವರ ಮಗಳು, ನಾನು, ಶಾಹೀನ್. ಶಾಹೀನ್ ಯಾರೂ ಕರೆಯದೆ ಕಿರವತ್ತಿಯಿಂದ ಬಂದಿದ್ದಳು. ಎಲ್ಲ ಮುಗಿದು ಗಂಡಸರು ಹೊತ್ತುಕೊಂಡು ಹೋದ ಮೇಲೆ ಹಿತ್ತಲಲ್ಲಿ ನನ್ನ ಹತ್ತಿರ ಬಂದು ನಿಂತಳು.

"ಅಂವಗ ಸಿದ್ದಾಪುರದ ಕಡೆ ಹೆಣ್ಣು ನೋಡಾಕತ್ಯಾರಂತ ಆಪಾ" ಎಂದಳು. "ಇದ್ದ ಸಾಕ್ಷಿ ಖಾಲಾ ಒಬ್ಬರ. ಇನ್ನ ಕೇಸು ನಿಲ್ಲೂದಿಲ್ಲ ಅಂತಾರ ವಕೀಲರು."

ನಾನು ಹಂಡೆ ಬಗ್ಗಿಸಿ ಉಳಿದ ನೀರು ಚೆಲ್ಲಿದೆ.

"ನೀವೂ ನೋಡೀರಿ ಅಂತ ನನಗ ಗೊತ್ತೈತಿ. ನಿಮ್ಮ ಹೆಸರು ಎಲ್ಲೂ ಎತ್ತಬಾರದು ಅಂತ ಖಾಲಾ ನನ್ನ ಕೈಲೆ ಆಣಿ ಹಾಕ್ಸಿದ್ರು. ಮೂರು ವರ್ಷಾ ಬಾಯಿ ಮುಚ್ಚಿದ್ದೆ. ಈಗೂ ನಾ ಕೇಳಂಗಿಲ್ಲ." ಅಷ್ಟು ಹೇಳಿ ಅವಳು ಒದ್ದೆ ಬಟ್ಟೆಗಳನ್ನು ಹಿಂಡಿ ಹಗ್ಗದ ಮೇಲೆ ಹರವತೊಡಗಿದಳು.

ಗಂಡನಿಗೆ ಹೇಳಿದೆ. ಅವನು ತಾಟು ಸರಿಸಿ ಎದ್ದು ಹೋದ. ಇನ್ನೂ ನನ್ನೊಡನೆ ಮಾತಾಡಿಲ್ಲ. ಕಳೆದ ಸೋಮವಾರ ರಜೆ ಹಾಕಿ ಶಿರಸಿಗೆ ಹೋಗಿ, ಸರ್ಕಾರಿ ವಕೀಲೆಯ ಕಚೇರಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕುತ್ತಿಗೆ, ತೋಳು, ಬೆರಳುಗಳ ಲೆಕ್ಕ. ಆಗ ನೀರು ಕೊಟ್ಟೆ ಎಂದದ್ದು ಸುಳ್ಳು ಎಂದೂ ಹೇಳಿದೆ. ಆಕೆ ಬರೆದುಕೊಳ್ಳುತ್ತ ಹೋದರು. ಕೊನೆಗೆ ಪೆನ್ನು ನಿಲ್ಲಿಸಿದರು.

"ಮೂರು ವರ್ಷ ಯಾಕೆ ಸುಮ್ಮನಿದ್ರಿ? ಇದನ್ನ ಅವರ ಕಡೆಯವರು ಕೇಳೇ ಕೇಳ್ತಾರೆ. ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ ಮೇಡಂ. ಯಾರೂ ಹೆದರಿಸಲಿಲ್ಲ."

"ಮತ್ತೆ?"

"ನಮ್ಮ ಖಾಲಾರಿಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತು. ನಾನು ಅದನ್ನ ಹೊದ್ದುಕೊಂಡು ಕೂತುಬಿಟ್ಟೆ."

"ಅದನ್ನೆಲ್ಲ ಬರೆಯೋಕೆ ಬರಲ್ಲಮ್ಮ. ಒಂದು ಕಾರಣ ಹೇಳಿ" ಎಂದರು.

"ಹೆದರಿದ್ದೆ ಅಂತ ಬರ್ಕೊಳ್ಳಿ" ಎಂದೆ.